ಸಕ್ಕರೆಯ ಬೆಲೆ ಏರಿಳಿಯುವುದೇಕೆ?

ಕಬ್ಬನ್ನು ಬೆಳೆಯುವ ರೈತನು ತನ್ನ ಗದ್ದೆಯ ಮಣ್ಣು, ನೀರು, ಗೊಬ್ಬರಗಳ ಗುಣವನ್ನು ಚೆನ್ನಾಗಿ ಬಲ್ಲನು. ಆದರೆ ಆ ಕಬ್ಬಿನಿಂದಾಗುವ ಸಕ್ಕರೆಯ ಬೆಲೆಯು ಅವನ ಸೀಮೆಯಲ್ಲಿಯೇ ನಿಷ್ಕರ್ಷೆಯಾಗತಕ್ಕದ್ದಲ್ಲ. ದೂರದೇಶಗಳ ಮಳೆ, ಬರ, ಸುಂಕ, ಕಾಯಿದೆಗಳೆಲ್ಲವೂ ಅದರಲ್ಲಿ ಸೇರಿರುವುವು. ಆದಕಾರಣ ಈ ವ್ಯಾಪಾರದ ಸ್ವರೂಪವನ್ನು ಪ್ರತಿಯೊಬ್ಬ ಬೆಳೆಗಾರನೂ ತಿಳಿದಿರುವುದು ಅವಶ್ಯಕ.

ಪ್ರಪಂಚದಲ್ಲಿ ವರ್ಷವೊಂದಕ್ಕೆ ಸುಮಾರು 18 ಕೋಟಿ ಟನ್ ಸಕ್ಕರೆಯು ತಯಾರಾಗುವುದು. ಐದರಲ್ಲಿ ಸುಮಾರು ನಾಲ್ಕು ಪಾಲು ಕಬ್ಬಿನಿಂದಲೂ, ಉಳಿದುದು ಬಹುಮಟ್ಟಿಗೆ ಶೀತದೇಶಗಳ ಬೀಟ್ ಗೆಡ್ಡೆಯಿಂದಲೂ ಬರುವುದು. ಈ ಗೆಡ್ಡೆಯಲ್ಲಿರುವುದೂ ಕಬ್ಬಿನ ಸಕ್ಕರೆಯೇ ಎಂಬುದನ್ನು 1747ರಲ್ಲಿ ಮಾರ್ಗ್‌ಗ್ರಾಫ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ತೋರಿಸಿದನು. ಮುಂದೆ ಯೂರೋಪಿನ ಸರ್ಕಾರಗಳು ಪ್ರೋತ್ಸಾಹಧನವನ್ನು ಕೊಟ್ಟು ಬೀಟ್ ಸಕ್ಕರೆಯನ್ನು ಅಗ್ಗವಾಗಿ ರಫ್ತುಮಾಡಿಸಲು, ಕಬ್ಬಿನ ದೇಶಗಳು ನಷ್ಟಕ್ಕೀಡಾದುವು. 1902ರ ಬ್ರಸೆಲ್ಸ್ ಒಡಂಬಡಿಕೆಯಿಂದ ಈ ಪದ್ಧತಿಗೆ ತಡೆಯುಂಟಾಯಿತು.

ಸಕ್ಕರೆಯ ಬಹುಭಾಗವು ತಯಾರಾದ ದೇಶದಲ್ಲಿಯೇ ಖರ್ಚಾಗುವುದು. ಸುಮಾರು ಮೂರರಲ್ಲೊಂದು ಪಾಲು ಮಾತ್ರ ಹೊರದೇಶಗಳಿಗೆ ಹೋಗುವುದು. ಹೀಗಿರುವುದರಿಂದ ಒಂದು ದೊಡ್ಡ ದೇಶದಲ್ಲಿ ಬೆಳೆ ಕೆಟ್ಟರೂ, ಹೆಚ್ಚಿದರೂ, ಅದರ ಭಾರವೆಲ್ಲವೂ ಈ ಚಿಕ್ಕ ಪಾಲಿನ ಮೇಲೆ ಬಿದ್ದು ಬೆಲೆಯು ವಿಪರೀತವಾಗಿ ಏರಿಳಿಯುವುದು. ಅಲ್ಲದೆ ನೆಟ್ಟ ಕಬ್ಬು ಕಟಾವಿಗೆ ಬರಲು ಸುಮಾರು ವರ್ಷವಾಗುವುದು. ಅನಂತರ ಕೂಳೆ ಬೆಳೆಯೂ ಉಂಟು. ಬೆಲೆ ಏರಿದ ವರ್ಷ ಎಲ್ಲರೂ ನೆಟ್ಟರೆ ಕಟಾವಿನ ವೇಳೆಗೆ ಅದು ಕುಸಿದಿರಬಹುದು. ನ್ಯೂಯಾರ್ಕ್ ಪೇಟೆಯಲ್ಲಿ 1974ರ ಕೊನೆಗೆ ಪೌಂಡಿಗೆ 60 ಸೆಂಟಿಗೂ ಮೇಲೇರಿದ್ದ ಕಚ್ಚಾ ಸಕ್ಕರೆಯು 1985ರಲ್ಲಿ 3 ಸೆಂಟಿಗೂ ಕೆಳಗಿಳಿಯಿತು.

ಸಕ್ಕರೆಯ ರಫ್ತಿನಲ್ಲಿ ಬ್ರೆಜಿಲ್ ದೇಶವೇ ಮೊದಲನೆಯದು. ಅಲ್ಲಿ 1975ರಿಂದ ಕಬ್ಬಿನ ಮದ್ಯಸಾರವನ್ನು ಮೋಟಾರು ಗಾಡಿಗಳಿಗೆ ಬಳಸಲು ಸರ್ಕಾರವು ಪ್ರೋತ್ಸಾಹಿಸಿತು. ಪೆಟ್ರೋಲಿನ ಬೆಲೆ ಏರಿದರೆ ಅಲ್ಲಿನ ಕಾರ್ಖಾನೆಗಳು ಮದ್ಯಸಾರವನ್ನೇ ಹೆಚ್ಚಾಗಿ ತೆಗೆಯಬಲ್ಲುವು. ಆಗ ಪೇಟೆಗೆ ಬರುವ ಸಕ್ಕರೆಯು ಕಡಮೆಯಾಗುವುದು.

ನಮ್ಮ ದೇಶಕ್ಕೆ ಹಿಂದೆ ಜಾವಾ ಸಕ್ಕರೆಯು ಹೇರಳವಾಗಿ ಬರುತ್ತಿದ್ದಿತು. 1932ರ ಸಂರಕ್ಷಣಾ ಕಾಯಿದೆಯ ಸುಂಕದ ಆಶ್ರಯದಲ್ಲಿ ಇಲ್ಲಿಯೇ ಅನೇಕ ಕಾರ್ಖಾನೆಗಳು ಹುಟ್ಟಿದುವು. ಮಂಡ್ಯದ ಮೈಸೂರು ಸಕ್ಕರೆ ಕಂಪೆನಿಯು 1933ರಲ್ಲಿ ಸ್ಥಾಪಿತವಾಯಿತು. 2022ರಲ್ಲಿ ಸರ್ಕಾರವು ಒಳನಾಡಿನ ದಾಸ್ತಾನನ್ನು ಕಾಯ್ದುಕೊಳ್ಳಲು ರಫ್ತನ್ನು ನಿರ್ಬಂಧಿಸಿತು. ಬೆಲೆಯನ್ನು ಕಾಯುವ ಕಾಯಿದೆಯೂ, ತಡೆಯುವ ಕಾಯಿದೆಯೂ ಉಂಟೆಂಬುದನ್ನು ಇದರಿಂದ ಅರಿಯಬಹುದು.

ಲೋಕದ ಬೆಲೆಯು ರೈತನ ಕೈಯಲ್ಲಿಲ್ಲ. ಆದರೆ ನಷ್ಟವನ್ನು ಕಡಮೆಮಾಡಿಕೊಳ್ಳುವುದು ಕೆಲವು ಮಟ್ಟಿಗೆ ಸಾಧ್ಯ. ಒಂದು ವರ್ಷದ ಬೆಲೆಯನ್ನು ನಂಬಿ ಇರುವ ಜಮೀನನ್ನೆಲ್ಲ ಕಬ್ಬಿಗೆ ಹಾಕಬಾರದು. ನೆಡುವ ಮೊದಲೇ ಕಾರ್ಖಾನೆಯೊಡನೆ ಕರಾರು ಮಾಡಿಕೊಳ್ಳಬೇಕು. ಚೆನ್ನಾಗಿ ಬಲಿತ ಕಬ್ಬನ್ನೇ ಕಡಿದು ಒಡನೆಯೇ ಸಾಗಿಸಬೇಕು. ಕಡಿದ ಕಬ್ಬು ಬಿಸಿಲಿನಲ್ಲಿ ಬಿದ್ದಷ್ಟೂ ಅದರ ತೂಕವೂ ಸಕ್ಕರೆಯ ಅಂಶವೂ ಕುಂದುವುವು.