ಪೆಟ್ಟಿಗೆ ಬಿಚ್ಚುವ ಮೊದಲು

ಮೈಸೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ನಾಯಂಡಹಳ್ಳಿಯಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಮೇಲ್ಸೇತುವೆ ಮೇಲೆ ಬಸ್ಸು ಲಾರಿಗಳು, 2021ರ ಆಗಸ್ಟಿನಿಂದ ಓಡಾಡುತ್ತಿರುವ ಮೆಟ್ರೊ, ಕೆಳಗೆ ಗಿರಾಕಿಗಾಗಿ ಕತ್ತು ಚಾಚಿ ಕೂತ ಆಟೋದವರು, ಅವರಿಗೂ ತುಸು ಕೆಳಗೆ ಗೋಡೆಗಳ ನಡುವೆ ಕಪ್ಪಗೆ ಹರಿಯುವ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ್ದೆಂದು ಹೇಳುವ ಈ ಹೊಳೆ ಇಲ್ಲಿಗೆ ಬರುವಷ್ಟರಲ್ಲಿ ಮೂಗು ಮುಚ್ಚಿಸುತ್ತದೆ. ಊರಿನವರು ಮಾತ್ರ ಅದರ ಪಕ್ಕದಲ್ಲೇ ನಿಂತು ನಿರಾಳವಾಗಿ ಇಡ್ಲಿ ತಿನ್ನುತ್ತಾರೆ.

ಜಂಕ್ಷನ್ನಿನಿಂದ ಒಳಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಸದ್ದು ಸ್ವಲ್ಪ ತಗ್ಗುತ್ತದೆ. ತಗಡಿನ ಮಾಡಿನ ಗ್ಯಾರೇಜು. ವರ್ಷಗಟ್ಟಲೆ ಆಯಿಲ್ ಕುಡಿದು ಮಿರಿಮಿರಿ ಮಿಂಚುವ ನೆಲ. ಆಂಜನೇಯನ ಪಟಕ್ಕೆ ಹಚ್ಚಿದ ಊದುಬತ್ತಿಯ ಹೊಗೆ ಡೀಸೆಲ್ ವಾಸನೆಯೊಂದಿಗೆ ಬೆರೆತು ಒಂದು ವಿಚಿತ್ರ ಪರಿಮಳವಾಗಿದೆ. ಟೈರಿನ ಮೇಲೆ ಕೂತ ಹುಡುಗನೊಬ್ಬ ಪಾನಾಗಳನ್ನು ವೇಸ್ಟಿನಿಂದ ಒರೆಸಿ ಸಾಲಾಗಿ ಇಡುತ್ತಿದ್ದಾನೆ. ಬಾಗಿಲಲ್ಲಿ, ಹಗ್ಗ ಕಟ್ಟಿ ಎಳೆದು ತಂದ ಡೀಸೆಲ್ ಗೂಡ್ಸ್ ಗಾಡಿ ನಿಂತಿದೆ. ಮಾಗಡಿ ಕಡೆಯಿಂದ ಮಾರ್ಕೆಟ್ಟಿಗೆ ತರಕಾರಿ ಹೊರುವ ಗಾಡಿ. ಹಿಂದಿನ ತೊಟ್ಟಿಯಲ್ಲಿ ಕೊತ್ತಂಬರಿಯ ಬಾಡಿದ ಎಲೆಗಳು ಇನ್ನೂ ಅಂಟಿಕೊಂಡಿವೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ.

"ಬಾಕ್ಸೇ ಹೋಗಿದೆ ಅಂದ್ರು ಅಣ್ಣ, ಬೇರೆ ಕಡೆ ತೋರಿಸಿದ್ದೆ" ಅನ್ನುತ್ತಾನೆ ಡ್ರೈವರ್. ಹತ್ತಾರು ಸಾವಿರದ ಮಾತು, ಮುಖ ಸಣ್ಣಗಾಗಿದೆ.

ಮೇಸ್ತ್ರಿ ನಗುತ್ತಾರೆ. "ಬಾಕ್ಸ್ ಮೇಲೆ ಹೇಳೋದು ಸುಲಭ ಕಣಪ್ಪ. ಅದಕ್ಕೆ ಬಾಯಿಲ್ಲ ನೋಡು."

ಬಾಕ್ಸ್ ಎಂದರೆ ಇಸಿಎಂ. ಊಟದ ಡಬ್ಬಿಯಷ್ಟು ಗಾತ್ರದ ಅಲ್ಯೂಮಿನಿಯಂ ಪೆಟ್ಟಿಗೆ, ಒಂದು ಮಗ್ಗುಲಲ್ಲಿ ಎರಡು ದೊಡ್ಡ ಕಪ್ಲರ್, ಅವುಗಳೊಳಗೆ ನೂರೈವತ್ತರ ಆಸುಪಾಸು ಪಿನ್ನುಗಳು. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಸಲ, ಯಾವ ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಬೇಕು ಎಂದು ಹೇಳುವುದು ಇದೇ. ಮೇಸ್ತ್ರಿ ಕೆಲಸ ಕಲಿತದ್ದು ಇದಿಲ್ಲದ ಕಾಲದಲ್ಲಿ. ಆಗ ಡೀಸೆಲ್ ಗಾಡಿಯೆಂದರೆ ಮೈಕೋ ಪಂಪು. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಈಗ ಇದೇ ಮೈಸೂರು ರಸ್ತೆಯಲ್ಲಿ ಮುಂದಕ್ಕೆ ಹೋದರೆ ಬಿಡದಿಯಲ್ಲೂ ಅದರ ಘಟಕವಿದೆ. ಪಂಪಿನ ಕಾಲದಲ್ಲಿ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಸ್ಕ್ರೂ ಅರ್ಧ ಸುತ್ತು ತಿರುವಿದರೆ ಮುಗಿಯುತ್ತಿತ್ತು. 1997ರಲ್ಲಿ ಯುರೋಪಿನ ಕಾರುಗಳಿಗೆ ಪೆಟ್ಟಿಗೆಯ ಮಾತು ಕೇಳುವ ಕಾಮನ್ ರೈಲ್ ಬಂತು. ಇಲ್ಲಿ 2017ರ ಏಪ್ರಿಲ್‌ನಲ್ಲಿ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ದೇಶಕ್ಕೆಲ್ಲ ಕಡ್ಡಾಯವಾದ ಮೇಲೆ ಪೆಟ್ಟಿಗೆಯಿಲ್ಲದ ಹೊಸ ಗಾಡಿಯೇ ಇಲ್ಲವಾಯಿತು. ಹೊಗೆ ತಗ್ಗಿತು. ಮೇಸ್ತ್ರಿಗಳ ಕಿವಿಗೆ ಕೆಲಸವೂ ತಗ್ಗಿತು.

ಸ್ಟೇರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದ್ದಾಯಿತು. ಎಂಜಿನ್ ಕಡೆಯಿಂದ ಉತ್ತರವಿಲ್ಲ. ಬೇರೆ ಕಡೆ ಇಷ್ಟಕ್ಕೇ ತೀರ್ಪು ಕೊಟ್ಟಿರಬೇಕು. ಇವರು ಮಾತ್ರ ಮೀಟರನ್ನು ಬದಿಗಿಟ್ಟು, ಎರಡು ವೈರಿನ ತುದಿಗೆ ಹೆಡ್‌ಲೈಟಿನ ಹಳೇ ಬಲ್ಬು ಕಟ್ಟಿದ ಟೆಸ್ಟ್ ಲ್ಯಾಂಪ್ ಕೈಗೆತ್ತಿಕೊಳ್ಳುತ್ತಾರೆ. ವೈರಿನೊಳಗೆ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರು ಹನ್ನೆರಡು ವೋಲ್ಟ್ ತೋರಿಸಿಬಿಡುತ್ತದೆ; ಬಲ್ಬಿಗೆ ಮಾತ್ರ ನಿಜವಾದ ಕರೆಂಟ್ ಬೇಕು, ಅದಕ್ಕೆ ಮೋಸ ಗೊತ್ತಿಲ್ಲ. ಕಪ್ಲರ್ ಕಳಚಿ, ಸಪ್ಲೈ ಬರುವ ಕಡೆ ಹಿಡಿದರು: ಬಲ್ಬು ಬೆಳ್ಳಗೆ ಉರಿಯಿತು. ಅರ್ತ್ ನೋಡಿದರು, ಅದೂ ಸರಿ. ಫ್ಯೂಸು, ರಿಲೇ ಎರಡೂ ಸರಿ. ಕಪ್ಲರ್ ಮತ್ತೆ ಕೂರಿಸಿ ಸೆನ್ಸರುಗಳ ಸರದಿ. ಸೆನ್ಸರುಗಳಿಗೆ ಪೆಟ್ಟಿಗೆಯಿಂದ ಹೋಗುವುದು ಐದು ವೋಲ್ಟ್. ಯಾವುದೋ ಒಂದು ಸೆನ್ಸರ್ ಒಳಗೊಳಗೇ ಶಾರ್ಟಾದರೆ ಸಾಕು, ಆ ಐದು ವೋಲ್ಟ್ ಕುಸಿದು ಪೆಟ್ಟಿಗೆಯೇ ಸತ್ತಂತೆ ಕಾಣುವ ಗಾಡಿಗಳುಂಟು. ಕೆಲವು ನೂರರ ಸೆನ್ಸರ್ ಮಾಡಿದ ತಪ್ಪಿಗೆ ಎಷ್ಟು ಒಳ್ಳೇ ಪೆಟ್ಟಿಗೆಗಳು ಗುಜರಿಗೆ ಹೋಗಿವೆಯೋ. ಹುಡುಗ ಬಾನೆಟ್ಟಿನೊಳಗೆ ಅರ್ಧ ದೇಹ ತೂರಿಸಿ ಒಂದೊಂದೇ ಕಪ್ಲರ್ ಕಳಚುತ್ತಾನೆ, "ಬಂತಾ ಅಣ್ಣ?" ಎಂದು ಕೂಗುತ್ತಾನೆ. "ಇಲ್ಲ ಕಣೋ, ಮುಂದಿನದು."

ಯಾವುದಕ್ಕೂ ಜೀವ ಬರಲಿಲ್ಲ. ಆಮೇಲಷ್ಟೇ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪೆಟ್ಟಿಗೆಯನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದರು. ನೀವೂ ಬಗ್ಗಿ ನೋಡಿ: ಪಿನ್ನುಗಳ ಸಾಲಿನ ಮೂಲೆಯಲ್ಲಿ ಹಸಿರು ಬೂಷ್ಟು. ಮುಚ್ಚಳ ಎಬ್ಬಿಸಿದರೆ ಬೋರ್ಡಿನ ಮೇಲೂ ಅದೇ ಹಸಿರು, ಅದರ ನಡುವೆ ಸುಟ್ಟು ಕರಿಗಟ್ಟಿದ ಒಂದು ಚುಕ್ಕೆ.

"ಈ ಮೋರಿ ಗಾಳಿ ಅಣ್ಣ, ಹಿತ್ತಾಳೆ ಬೋಗುಣಿ ಕೂಡ ಕಪ್ಪಾಗುತ್ತೆ ಇಲ್ಲಿ" ಎಂದ ಹುಡುಗ. ಕೊಳಚೆಯಿಂದೇಳುವ ಗಂಧಕದ ಗಾಳಿಗೆ ತಾಮ್ರ, ಬೆಳ್ಳಿ ಕಪ್ಪಾಗುವುದು ಹೌದು. ಆದರೆ ಇದು ಕಪ್ಪಲ್ಲ, ಹಸಿರು, ನೀರಿನ ಕೆಲಸ. ತಾಮ್ರದ ಎಳೆಗಳ ಸಂದಿಯಲ್ಲಿ ನೀರು ತಾನಾಗಿ ನುಸುಳಿಕೊಂಡು ಮೊಳಗಟ್ಟಲೆ ದೂರದ ಕಪ್ಲರ್‌ವರೆಗೂ ಹೋಗಬಲ್ಲದು. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾಗಿ ಕಾರುಗಳು ಮುಳುಗಿದ್ದವಲ್ಲ, ಅಂಥ ನೆರೆಯೇ ಬೇಕೆಂದಿಲ್ಲ. ತೊಟ್ಟಿಕ್ಕುವ ಹನಿ ಸಾಕು.

ಇನ್ನು ಬೇರೆ ಪೆಟ್ಟಿಗೆ. ಜೆ.ಸಿ. ರೋಡಿನಿಂದ ಅದೇ ನಂಬರಿನ ಸೆಕೆಂಡ್ ಹ್ಯಾಂಡ್ ಪೆಟ್ಟಿಗೆ ಮಧ್ಯಾಹ್ನದ ಹೊತ್ತಿಗೆ ಬಂತು. ನಾಲ್ಕು ಬೋಲ್ಟ್, ಎರಡು ಕಪ್ಲರ್, ಹತ್ತು ನಿಮಿಷ. ಆದರೆ ಅಷ್ಟಕ್ಕೇ ಗಾಡಿ ಹೊರಡುವುದಿಲ್ಲ, ಏಕೆಂದರೆ ಬಂದಿರುವುದಕ್ಕೆ ಬೇರೆ ಯಾರದೋ ಗಾಡಿಯ ನೆನಪಿದೆ: ಅದರ ಕೀ, ಅದರ ಹದಿನೇಳು ಅಕ್ಷರ ಅಂಕಿಗಳ ಚಾಸಿ ನಂಬರು, ಅದರ ಇಂಜೆಕ್ಟರುಗಳ ಕೋಡು. ಈ ಗಾಡಿಯ ಕೀಯನ್ನು ಅದು ಕಳ್ಳನದೆಂದೇ ತಿಳಿಯುತ್ತದೆ. ಹಳೇ ಬೋರ್ಡಿನ ಮೆಮೊರಿ ಚಿಪ್ ಪುಣ್ಯಕ್ಕೆ ಬದುಕಿತ್ತು. ಲ್ಯಾಪ್‌ಟಾಪಿಗೆ ಹಾಕಿ ಅದರೊಳಗಿನದನ್ನು ಓದಿ, ಹೊಸದಕ್ಕೆ ಬರೆಯುವ ಕೆಲಸ ಶುರುವಾಯಿತು. ಬರೆಯುವಾಗ ನಡುವೆ ವೋಲ್ಟೇಜ್ ಬಿದ್ದರೆ ಇದೂ ಸತ್ತಂತೆ, ಅದಕ್ಕೇ ಬ್ಯಾಟರಿಗೆ ಚಾರ್ಜರ್ ಕಟ್ಟಿ, ಹೊರಗೆ ವೆಲ್ಡಿಂಗ್ ಮಾಡುತ್ತಿದ್ದವನಿಗೂ ಕೈಸನ್ನೆ ಮಾಡಿ ನಿಲ್ಲಿಸಿದರು. ಡ್ರೈವರ್ ಟೀ ಲೋಟ ಹಿಡಿದವನು ಕುಡಿಯುವುದನ್ನೇ ಮರೆತು ಪರದೆಯ ಮೇಲಿನ ನೀಲಿ ಪಟ್ಟಿ ನೋಡುತ್ತ ನಿಂತ. ಪಟ್ಟಿ ತುಂಬಿತು. ಪ್ರತಿ ಇಂಜೆಕ್ಟರ್ ತಲೆಯ ಮೇಲೆ ಕೊರೆದ ಕೋಡನ್ನು ಹುಡುಗ ಬಟ್ಟೆಯಿಂದ ಒರೆಸಿ ಓದಿ ಹೇಳಿದ, ಮೇಸ್ತ್ರಿ ಪರದೆಯಲ್ಲಿದ್ದುದಕ್ಕೆ ತಾಳೆ ನೋಡಿದರು. ಸಾವಿರದಾರುನೂರು ಬಾರ್ ಒತ್ತಡದಲ್ಲಿ ಚಿಮ್ಮುವ ಡೀಸೆಲಿಗೆ ಆ ಕೋಡು ತಪ್ಪಿದರೆ ಎಂಜಿನ್ ಬಡಿದುಕೊಳ್ಳಲು ಶುರುಮಾಡಬಹುದು.

ಸೆಲ್ಫ್ ಹೊಡೆದರು. ಮೊದಲ ಸಲ ಬರೀ ತಿರುಗಿತು. ಎರಡನೇ ಸಲಕ್ಕೆ ಹಿಡಿಯಿತು, ಒಂದು ಬಿಳಿ ಹೊಗೆಯ ಮುದ್ದೆ ಉಗುಳಿ ನೆಟ್ಟಗಾಯಿತು. ಮೇಸ್ತ್ರಿ ಸ್ಕ್ಯಾನರ್ ಕಡೆ ನೋಡಲೇ ಇಲ್ಲ. ಬಾನೆಟ್ಟಿಗೆ ಅಂಗೈ ಒತ್ತಿ, ಕಿವಿ ಬಾಗಿಸಿ ನಿಂತರು.

ಡ್ರೈವರ್ ಆಗಲೇ ದುಡ್ಡು ಎಣಿಸಲು ತೊಡಗಿದ್ದ. "ಇರಪ್ಪ, ಕೆಲಸ ಮುಗಿದಿಲ್ಲ" ಎಂದು ಅವನನ್ನು ವೈಪರ್ ಬುಡಕ್ಕೆ ಕರೆದೊಯ್ದರು. ಗಾಜಿನ ಕೆಳಗಿನ ತೊಟ್ಟಿಯಲ್ಲಿ ನೀರು ಇಳಿದುಹೋಗಲೆಂದು ಇಟ್ಟ ತೂತಿನ ತುಂಬ ಕೊಳೆತ ಎಲೆ. ಅದು ಕಟ್ಟಿಕೊಂಡು, ನಿಂತ ನೀರು ಹರಿದ ರಬ್ಬರಿನ ಸಂದಿಯಲ್ಲಿ ಇಳಿದು ನೇರವಾಗಿ ವೈರಿಂಗ್ ಮೇಲೆ ಬೀಳುತ್ತಿತ್ತು.

"ಗಾಡಿ ಎಲ್ಲಿ ನಿಲ್ಲಿಸ್ತೀಯಾ?"

"ಮನೆ ಮುಂದೆ ಅಣ್ಣ, ಹೊಂಗೆ ಮರದ ಕೆಳಗೆ. ನೆರಳು ಚೆನ್ನಾಗಿದೆ."

"ಅಲ್ಲೇ ನಿಲ್ಲಿಸು. ತಿಂಗಳಿಗೊಂದು ಸಲ ಒಂದು ಕಡ್ಡಿ ತಗೊಂಡು ಈ ತೂತು ಚುಚ್ಚು" ಎಂದು ಹೇಳಿ, ಮೇಸ್ತ್ರಿ ಹುಡುಗನನ್ನು ರಬ್ಬರ್ ತರಲು ಅಂಗಡಿಗೆ ಓಡಿಸಿದರು.