ಅಂಟುವ ಪಚ್ಚಿಲೆ, ಅಂಟದ ಪೊರೆ

ನಿಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಬೀಗ ಬಿದ್ದಿದೆಯಾ? ಕಾಯಿನ್ ಹಾಕಿದ್ರೂ ಕ್ಯಾನಿಗೆ ನೀರು ಸಣ್ಣಗೆ ಬರ್ತಿದೆಯಾ? ಮೋಟರ್ ಕೆಟ್ಟಿದೆ, ಕರೆಂಟ್ ಬಿಲ್ ಕಟ್ಟಿಲ್ಲ ಅಂತ ಹತ್ತು ಕಾರಣ ಹೇಳ್ತಾರೆ. ಕಣ್ಣಿಗೆ ಬೀಳದ ಕಾರಣ ಇನ್ನೊಂದಿದೆ. ಒಳಗಿರುವ ಮೆಂಬ್ರೇನ್, ಅಂದರೆ ನೀರು ಸೋಸುವ ತೆಳು ಪೊರೆ. ಪಾವಗಡದಂಥ ಕಡೆ ಫ್ಲೋರೈಡ್ ತಡೆಯೋದು ಇದೇ. ಇದರ ಮೇಲೆ ಬ್ಯಾಕ್ಟೀರಿಯಾ ಮನೆ ಮಾಡುತ್ತೆ, ಲೋಳೆ ಕಟ್ಟುತ್ತೆ. ಆಗ ನೀರು ದಾಟೋಕೆ ಹೆಚ್ಚು ಒತ್ತಡ ಬೇಕು, ಹೆಚ್ಚು ಕರೆಂಟ್ ಬೇಕು. ಕೊನೆಗೆ ಪೊರೆಯನ್ನೇ ಬದಲಿಸಬೇಕು. ಅದಕ್ಕೆ ದುಡ್ಡು ಯಾರು ಕೊಡಬೇಕು ಅನ್ನೋ ಜಗಳ ಮುಗಿಯೋವರೆಗೆ ಜನ ಮತ್ತೆ ಬೋರ್‌ವೆಲ್ ನೀರೇ ಕುಡೀಬೇಕು.

ಲೋಳೆ ಅಂಟದ ಹಾಗೆ ಮಾಡೋಕಾಗಲ್ವಾ? ದಾರಿ ಸಿಕ್ಕಿದ್ದು ಎಲ್ಲಿ ಗೊತ್ತಾ ವೀಕ್ಷಕರೇ? ಅಂಟೋದರಲ್ಲೇ ನಂಬರ್ ಒನ್ ಆದ ಪ್ರಾಣಿಯಲ್ಲಿ!

ಮಂಗಳೂರು ಕಡೆಯವರು ಪಚ್ಚಿಲೆ ಅಂತಾರಲ್ಲ, ಆ ಜಾತಿಯ ಚಿಪ್ಪುಜೀವಿ. ಅಲೆ ಎಷ್ಟೇ ಬಡಿದ್ರೂ ಬಂಡೆ ಬಿಡಲ್ಲ. ನಮ್ಮ ಗೋಂದು ನೀರು ತಾಗಿದರೆ ಕಳಚುತ್ತೆ, ಇದರ ಗೋಂದು ನೀರೊಳಗೇ ಹಿಡಿಯುತ್ತೆ. ಆ ಗೋಂದಿನ ಪ್ರೋಟೀನಿನಲ್ಲಿ ಡೋಪಾ ಅನ್ನೋ ಅಂಶ ಇದೆ. 2007ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಹೇಶಿನ್ ಲೀ, ಫಿಲಿಪ್ ಮೆಸ್ಸರ್‌ಸ್ಮಿತ್ ತಂಡ ಡೋಪಾಗೆ ಹತ್ತಿರದ ನೆಂಟ ಡೋಪಮೈನನ್ನು ತಗೊಂಡಿತು. ಹೌದು, ನಮ್ಮ ಮಿದುಳಿನಲ್ಲಿ ಇರುವ ಡೋಪಮೈನೇ. ಸ್ವಲ್ಪ ಕ್ಷಾರದ ನೀರಿನಲ್ಲಿ ಅದನ್ನು ಕರಗಿಸಿ, ಬೇರೆ ಬೇರೆ ವಸ್ತುಗಳನ್ನು ಅದ್ದಿಟ್ಟರು. ಗಾಳಿಯ ಆಮ್ಲಜನಕ ಸೇರಿ ನೀರು ಕಪ್ಪಾಗ್ತಾ ಹೋಯಿತು. ಒಂದು ದಿನದಲ್ಲಿ ಸುಮಾರು 50 ನ್ಯಾನೋಮೀಟರ್ ದಪ್ಪದ ಲೇಪ ಕೂತಿತು. ಕೂದಲಿಗಿಂತ ಸಾವಿರ ಪಟ್ಟಿಗೂ ಹೆಚ್ಚು ತೆಳು. ಟೆಫ್ಲಾನಿಗೂ ಅಂಟಿತು ಸ್ವಾಮಿ, ದೋಸೆ ಅಂಟದ ಕಾವಲಿಯ ಟೆಫ್ಲಾನಿಗೆ!

ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಬೆನ್ನಿ ಫ್ರೀಮನ್ ತಂಡ ಇದನ್ನು ಸೋಸುವ ಪೊರೆಗಳಿಗೆ ಲೇಪಿಸಿ ನೋಡಿತು. ಗೋಂದು ಬಳಿದರೆ ಕೊಳೆ ಇನ್ನೂ ಜಾಸ್ತಿ ಅಂಟಬೇಕಲ್ವಾ? ಇಲ್ಲಿ ಉಲ್ಟಾ. ಪೊರೆಯನ್ನು ಹಿಡಿದು ಗಟ್ಟಿಯಾದ ಮೇಲೆ ಈ ಲೇಪಕ್ಕೆ ನೀರು ಅಂದ್ರೆ ಪ್ರೀತಿ. ಮೈತುಂಬ ನೀರನ್ನೇ ಹೊದ್ದುಕೊಂಡಿರುತ್ತೆ. ಎಣ್ಣೆ, ಪ್ರೋಟೀನಿಗೆ ಕೂರೋಕೆ ಜಾಗ ಸಿಗೋದು ಕಷ್ಟ.

ಹಾಗಂತ ಕುಣಿಯೋದು ಬೇಡ. ಲೇಪ ದಪ್ಪವಾದರೆ ನೀರಿನ ದಾರಿಯೇ ಮುಚ್ಚುತ್ತೆ. ಗಡಸು ನೀರಿನ ಸುಣ್ಣಕ್ಕೆ ಇದು ಮದ್ದಲ್ಲ. ಲೋಳೆ ಕೂಡ ಪೂರ್ತಿ ನಿಲ್ಲಲ್ಲ. ತೊಳೆಯೋ ಕೆಲಸ ತಪ್ಪಲ್ಲ. ನಿಮ್ಮೂರ ಘಟಕದ ಪೊರೆ ಕೊನೇ ಸಲ ತೊಳೆದಿದ್ದು ಯಾವಾಗ ಅಂತ ಪಿಡಿಒ ಸಾಹೇಬರನ್ನ ಒಮ್ಮೆ ಕೇಳಿ ನೋಡಿ.