ರಸೀದಿಯಲ್ಲಿ ಅಡಗಿರುವ ಹೊಗೆ: ಹೋಟೆಲಿನ ಇಂಗಾಲದ ಲೆಕ್ಕ

ಹೋಟೆಲೊಂದು ವಾತಾವರಣಕ್ಕೆ ಸೇರಿಸುವ ಹಸಿರುಮನೆ ಅನಿಲಗಳನ್ನು, ಎಂದರೆ ಭೂಮಿಯ ಶಾಖವನ್ನು ಹೊರಹೋಗಗೊಡದೆ ಹಿಡಿದಿಡುವ ಇಂಗಾಲದ ಡೈಆಕ್ಸೈಡ್, ಮೀಥೇನ್ ಮೊದಲಾದವನ್ನು, ಚಿಮಣಿಗೆ ಉಪಕರಣ ಕಟ್ಟಿ ಅಳೆಯುವುದಿಲ್ಲ. ಗ್ಯಾಸಿನ ರಸೀದಿ, ಕರೆಂಟು ಬಿಲ್ಲು, ದಿನಸಿಯ ಖರೀದಿ ಪುಸ್ತಕಗಳಿಂದಲೇ ಲೆಕ್ಕ ಹಾಕಲಾಗುತ್ತದೆ. 2001ರಲ್ಲಿ ಪ್ರಕಟವಾಗಿ ಇಂದು ಜಗತ್ತಿನಾದ್ಯಂತ ಕಂಪನಿಗಳು ಬಳಸುವ ಜಿಎಚ್‌ಜಿ ಪ್ರೋಟೋಕಾಲ್ ಎಂಬ ಪದ್ಧತಿಯು ಇದನ್ನು ಮೂರು ವ್ಯಾಪ್ತಿಗಳಾಗಿ ವಿಂಗಡಿಸುತ್ತದೆ: ತನ್ನ ಆವರಣದಲ್ಲೇ ಉರಿದದ್ದು, ಸೋರಿದ್ದು ಮೊದಲನೆಯದು, ಕೊಂಡ ವಿದ್ಯುತ್ತಿನ ಹಿಂದಿನ ಹೊಗೆ ಎರಡನೆಯದು, ಅಕ್ಕಿ, ಹಾಲು, ಸಾಗಣೆ, ಕಸ ಮುಂತಾದ ಉಳಿದೆಲ್ಲವೂ ಮೂರನೆಯದು.

ಮೊದಲೆರಡರ ಲೆಕ್ಕ ಸುಲಭ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಇಂಧನದಲ್ಲಿರುವ ಇಂಗಾಲದ ಪ್ರತಿ ಪರಮಾಣುವೂ ಗಾಳಿಯಿಂದ ಎರಡು ಆಮ್ಲಜನಕ ಪರಮಾಣುಗಳನ್ನು ಕೂಡಿಕೊಳ್ಳುವುದರಿಂದ ಹೊಗೆಯ ತೂಕ ಇಂಧನದ ತೂಕವನ್ನು ಮೀರುತ್ತದೆ. ಹೀಗೆ 19 ಕಿಲೋದ ವಾಣಿಜ್ಯ ಸಿಲಿಂಡರಿನಿಂದ ಸುಮಾರು 57 ಕಿಲೋ ಹೊರಬೀಳುತ್ತದೆ. ದಿನಕ್ಕೊಂದು ಸಿಲಿಂಡರ್ ಮುಗಿಸುವ ಅಡುಗೆಮನೆಯದು ವರ್ಷಕ್ಕೆ 20 ಟನ್ ದಾಟುತ್ತದೆ. ಭಾರತದ ಗ್ರಿಡ್ಡಿನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ ಲೆಕ್ಕ. ಹೆಚ್ಚಿನವರ ಗಮನ ತಪ್ಪುವುದು ಫ್ರಿಜ್ಜಿನ ಅನಿಲ: ಆರ್-134ಎ ಒಂದು ಕಿಲೋ ಸೋರಿದರೆ ಅದರ ತಾಪನ ಪರಿಣಾಮ 20ಕ್ಕೂ ಹೆಚ್ಚು ಸಿಲಿಂಡರುಗಳಿಗೆ ಸಮ.

ಆದರೆ ಹೋಟೆಲಿನ ನಿಜವಾದ ಭಾರ ಸಾಮಾನ್ಯವಾಗಿ ಇರುವುದು ಮೂರನೆಯ ವ್ಯಾಪ್ತಿಯಲ್ಲಿ. ಭತ್ತದ ಗದ್ದೆಯ ನಿಂತ ನೀರಿನಡಿ ಆಮ್ಲಜನಕವಿಲ್ಲದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುತ್ತವೆ. ಹಾಲು ಕೊಡುವ ಹಸು ಮೆಲುಕು ಹಾಕುವಾಗಲೂ ಅದೇ ಅನಿಲ ಹೊರಬರುತ್ತದೆ. ನೂರು ವರ್ಷಗಳ ಅವಧಿಯಲ್ಲಿ ಇದರ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ಇಲ್ಲಿಯೇ ರಾಗಿ ಬೆಳೆಯುವ ಡೆಂಕಣಿಕೋಟೆ ಸೀಮೆಯ ಹೊಲಗಳ ಮಹತ್ವ ಕಾಣುತ್ತದೆ. ಮಳೆಯನ್ನೇ ನಂಬಿದ ರಾಗಿ ಹೊಲದಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಗದ್ದೆಯ ಮೀಥೇನಿನ ಸಮಸ್ಯೆಯೇ ಇಲ್ಲ. ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಬಿತ್ತುವ ಅವರೆಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವುದರಿಂದ ಯೂರಿಯಾದ ಅಗತ್ಯವೂ, ಅದರ ಬೆನ್ನಿಗೆ ಬರುವ ನೈಟ್ರಸ್ ಆಕ್ಸೈಡ್ ಎಂಬ ಹಸಿರುಮನೆ ಅನಿಲವೂ ಕಡಿಮೆಯಾಗುತ್ತವೆ. ಊಟದಲ್ಲಿ ಅನ್ನದ ಒಂದು ಪಾಲನ್ನು ರಾಗಿ ಮುದ್ದೆಗೆ ಬಿಟ್ಟುಕೊಡುವುದು ಈ ಸೀಮೆಯ ಹೋಟೆಲಿಗೆ ಸಾಧ್ಯವಿರುವ ಅತ್ಯಂತ ಸಹಜವಾದ ಕಡಿತ.

ಒಲೆಯ ಬಳಿಯ ಉಳಿತಾಯವೂ ಅಲ್ಪವಲ್ಲ. ರಾತ್ರಿಯೇ ನೆನೆಹಾಕಿದ ಹುರುಳಿ ಬೇಗ ಬೇಯುತ್ತದೆ. ಮುದ್ದೆಯ ಎಸರು ಕುದಿ ಬಂದ ಮೇಲೆ ಉರಿ ತಗ್ಗಿಸಿ ಮುಚ್ಚಿಟ್ಟರೂ ಹಿಟ್ಟು ಬೇಯುತ್ತದೆ, ಏಕೆಂದರೆ ಕುದಿಯುವ ನೀರಿಗೆ ಎಷ್ಟು ಉರಿ ಕೊಟ್ಟರೂ ಅದರ ಬಿಸಿ ಏರದೆ ಬರಿಯ ಹಬೆ ಹೆಚ್ಚುತ್ತದೆ. ಎಂಜಲೆಲೆ ಮತ್ತು ಮಿಕ್ಕ ಅನ್ನ ಕಸದ ರಾಶಿಯಲ್ಲಿ ಕೊಳೆತರೆ ಮೀಥೇನ್ ಗಾಳಿಗೆ ಸೇರುತ್ತದೆ. ಅದೇ ಕಸ ಜೈವಿಕ ಅನಿಲ ಸ್ಥಾವರಕ್ಕೆ ಹೋದರೆ ಒಲೆಗೆ ಉರಿಯಾಗಿ ಮರಳುತ್ತದೆ. ಗಿರಾಕಿಗಳು ಹೆಚ್ಚಿದಂತೆ ಒಟ್ಟು ಮೊತ್ತವೂ ಏರುವುದರಿಂದ, ಪ್ರತಿ ಊಟಕ್ಕೆ ಎಷ್ಟು ಎಂದು ಭಾಗಿಸಿ ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಅಡುಗೆಮನೆ ಸುಧಾರಿಸಿದೆಯೇ ಎಂಬುದು ತಿಳಿಯುತ್ತದೆ.

ಷೇರುಪೇಟೆಯ ಮೊದಲ 1,000 ಕಂಪನಿಗಳು ಇಂಥ ಲೆಕ್ಕದ ವರದಿ ನೀಡುವುದನ್ನು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಕಡ್ಡಾಯಗೊಳಿಸಿದೆಯಾದರೂ ಮೂರನೆಯ ವ್ಯಾಪ್ತಿಯನ್ನು ಐಚ್ಛಿಕವಾಗಿಯೇ ಉಳಿಸಿದೆ. ಅತ್ಯಂತ ದೊಡ್ಡ ಪಾಲನ್ನೇ ಹೊರಗಿಡುವ ಲೆಕ್ಕ ಅಪೂರ್ಣ. ಸಣ್ಣ ಹೋಟೆಲುಗಳಿಗೆ ಈ ನಿಯಮ ಅನ್ವಯಿಸದು. ಆದರೆ ಲೆಕ್ಕಕ್ಕೆ ಬೇಕಾದ ರಸೀದಿಗಳು ಅವುಗಳ ಗಲ್ಲಾದಲ್ಲಿಯೂ ಇವೆ, ಅವನ್ನು ಒಂದು ತಿಂಗಳ ಮಟ್ಟಿಗಾದರೂ ಕೂಡಿ ನೋಡುವ ಕೆಲಸ ಆರಂಭವಾಗಬೇಕು.